ಸೂಲಗಿತ್ತಿಯ ಕಾರ್ಯವೂ ಅದರ ಪೂರ್ವೋತ್ತರವೂ

ಪ್ರಾಚೀನ ಶಾಸನಗಳು ಅರಸರ ವಂಶಾವಳಿಯನ್ನು ವಿಸ್ತಾರವಾಗಿ ಹೇಳುವುವು. ಇಂಥವನಿಗೆ ಇಂಥವಳಲ್ಲಿ ಇಂಥ ಪುತ್ರನು ಜನಿಸಿದನೆಂದು ಪದ್ಯರೂಪವಾಗಿಯೂ ಗದ್ಯರೂಪವಾಗಿಯೂ ವರ್ಣಿಸುವುವು. ಕಾವ್ಯಗಳಲ್ಲಿಯಂತೂ ಗರ್ಭಿಣಿಯ ಬಯಕೆಗಳಿಂದ ತೊಡಗಿ ಜಾತಕರ್ಮದ ಉತ್ಸವದವರೆಗೆ ಎಲ್ಲವೂ ಉಂಟು. ಆದರೆ ಬಯಕೆಗೂ ಉತ್ಸವಕ್ಕೂ ನಡುವೆ ಇರುವ ಆ ಒಂದು ರಾತ್ರಿಯ ವಿಷಯದಲ್ಲಿ ಕವಿಗಳೂ ಶಾಸನಕಾರರೂ ಸಾಮಾನ್ಯವಾಗಿ ಮೌನವನ್ನೇ ತಾಳಿದ್ದಾರೆ. ಆ ರಾತ್ರಿ ಬಾಗಿಲ ಒಳಗಿದ್ದವಳು ಸೂಲಗಿತ್ತಿ. ಬರೆಯಬಲ್ಲವರೆಲ್ಲರೂ ಬಾಗಿಲ ಹೊರಗಿದ್ದರು. ಆದುದರಿಂದ ಅವಳ ಚರಿತ್ರೆಯನ್ನು ನೇರಾದ ದಾಖಲೆಗಳಿಂದ ಕಟ್ಟುವುದು ಕಷ್ಟ. ಶಬ್ದದಿಂದಲೂ, ವೈದ್ಯಶಾಸ್ತ್ರದ ಪ್ರಾಸಂಗಿಕ ವಾಕ್ಯಗಳಿಂದಲೂ, ಅವಳನ್ನು ದೂಷಿಸಿದವರ ಬರಹಗಳಿಂದಲೂ, ಈಚಿನ ಲೆಕ್ಕಪತ್ರಗಳಿಂದಲೂ ಅದನ್ನು ಸಂಗ್ರಹಿಸಬೇಕಾಗಿದೆ.

ಮೊದಲು ಶಬ್ದವನ್ನು ನೋಡತಕ್ಕುದು. ಸೂಲು ಎಂದರೆ ಹೆರಿಗೆ. ಪಟ್ಟಣದ ಮಾತಿನಲ್ಲಿ ಈ ಪದವು ಒಂಟಿಯಾಗಿ ಕೇಳಿಬರುವುದು ಅಪರೂಪವಾದರೂ ದನಕರುಗಳ ವಿಷಯದಲ್ಲಿ ಒಕ್ಕಲಿಗರು ಇದನ್ನು ಬಿಟ್ಟಿಲ್ಲ. ಎರಡನೆಯ ಸೂಲಿನ ಎಮ್ಮೆ, ಮೂರನೆಯ ಸೂಲಿನ ಹಸು ಎಂಬ ಮಾತು ಸಂತೆಗಳಲ್ಲಿ ಈಗಲೂ ಉಂಟು. ತಮಿಳಿನ ಶೂಲ್, ತೆಲುಗಿನ ಚೂಲು ಎಂಬುವು ಇದರ ಸೋದರ ಶಬ್ದಗಳು. ಅಲ್ಲಿ ಅವಕ್ಕೆ ಗರ್ಭವೆಂಬ ಅರ್ಥವೇ ಮುಖ್ಯ. ತೆಲುಗಿನಲ್ಲಿ ಮೊದಲ ಬಸಿರನ್ನು ತೊಲಿಚೂಲು ಎನ್ನುವುದನ್ನು ನೋಡಿದರೆ ಕನ್ನಡದ ಚೊಚ್ಚಲು ಎಂಬ ಪದದ ಕೊನೆಯಲ್ಲಿಯೂ ಇದೇ ಧಾತುವಿನ ಛಾಯೆ ಇದೆಯೆಂದು ಊಹಿಸಲು ಅವಕಾಶವುಂಟು. ಗಿತ್ತಿ ಎಂಬುದು ಒಕ್ಕಲಗಿತ್ತಿ, ಹೂವಾಡಗಿತ್ತಿ ಮೊದಲಾದವುಗಳಲ್ಲಿ ಕಾಣುವ ಸ್ತ್ರೀಲಿಂಗದ ಪ್ರತ್ಯಯ. ಅದು ಬಂಧುತ್ವವನ್ನು ಹೇಳದೆ ಕಸುಬನ್ನು ಹೇಳುತ್ತದೆ. ನೆರೆಯ ಭಾಷೆಗಳೊಡನೆ ಹೋಲಿಸಿದರೆ ಒಂದು ಸ್ವಾರಸ್ಯವು ಹೊರಪಡುವುದು. ತಮಿಳರ ಮರುತ್ತುವಚ್ಚಿಯು ಮದ್ದಿನಿಂದ ಹೆಸರಾದವಳು. ತೆಲುಗರ ಮಂತ್ರಸಾನಿಯ ಹೆಸರಿಗೆ ಮಂತ್ರದ ನಂಟು ಅಂಟಿದೆ. ಕನ್ನಡಿಗರು ಮಾತ್ರ ಮದ್ದನ್ನೂ ಮಂತ್ರವನ್ನೂ ಬಿಟ್ಟು, ಅವಳು ಯಾವ ಹೊತ್ತಿಗೆ ಬೇಕಾದವಳೋ ಆ ಹೊತ್ತಿನಿಂದಲೇ ಅವಳಿಗೆ ಹೆಸರಿಟ್ಟರು.

ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಈ ಕಾರ್ಯಕ್ಕೆ ಸಂಬಂಧಪಟ್ಟ ಭಾಗಗಳು ಚಿಕ್ಕವಾದರೂ ಬೆಲೆಯುಳ್ಳವು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗಾರದ ವರ್ಣನೆಯಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಅದನ್ನು ಕಟ್ಟಿ, ತುಪ್ಪ ಎಣ್ಣೆ ಉಪ್ಪುಗಳಿಂದ ಹಿಡಿದು ಒರಳು ಒನಕೆಗಳು, ಚಿನ್ನ ಬೆಳ್ಳಿಯ ಸೂಜಿಗಳು, ಹರಿತವಾದ ಉಕ್ಕಿನ ಆಯುಧಗಳು, ಬಿಲ್ವದ ಮರದ ಮಂಚಗಳು ಇವನ್ನೆಲ್ಲ ಒದಗಿಸಬೇಕೆಂದು ಆಚಾರ್ಯನು ವಿಧಿಸುತ್ತಾನೆ. ಅನಂತರ ಅಲ್ಲಿ ಇರತಕ್ಕ ಹೆಂಗಸರ ಲಕ್ಷಣಗಳು ಬರುತ್ತವೆ. ಅವರು ಹಲವು ಸಲ ಹೆತ್ತವರಾಗಿರಬೇಕು. ಸ್ನೇಹವುಳ್ಳವರೂ, ಆ ಗರ್ಭಿಣಿಯಲ್ಲಿ ಸದಾ ಅನುರಾಗವುಳ್ಳವರೂ, ಸಮಯಸ್ಫೂರ್ತಿಯುಳ್ಳವರೂ, ಸ್ವಭಾವದಿಂದಲೇ ವಾತ್ಸಲ್ಯಶೀಲರೂ, ವಿಷಾದವನ್ನು ಬಿಟ್ಟವರೂ, ಕ್ಲೇಶವನ್ನು ಸಹಿಸತಕ್ಕವರೂ ಆಗಿರಬೇಕು. ಈ ಪಟ್ಟಿಯಲ್ಲಿ ಕೈಚಳಕಕ್ಕೆ ಸಂಬಂಧಪಟ್ಟ ಗುಣವು ಎಷ್ಟು ಕಡಮೆಯೆಂಬುದನ್ನು ಗಮನಿಸಬೇಕು. ಹೆಚ್ಚಿನವು ಮನಸ್ಸಿನ ಗುಣಗಳು. ವೈದ್ಯನು ಮದ್ದುಗಳನ್ನು ಎಣಿಸುವಷ್ಟೇ ಎಚ್ಚರಿಕೆಯಿಂದ ಇಲ್ಲಿ ಸಮಾಧಾನದ ಸಾಧನಗಳನ್ನು ಎಣಿಸಿದ್ದಾನೆ.

ಅದೇ ಅಧ್ಯಾಯದಲ್ಲಿ ಒಂದು ವಾದವೂ ಇದೆ. ಬೇನೆ ಬಂದರೂ ಹೆರಿಗೆಯಾಗದೆ ತಡವಾದರೆ ಗರ್ಭಿಣಿಯ ಕೈಗೆ ಒನಕೆಯನ್ನು ಕೊಟ್ಟು ಒರಳಿನಲ್ಲಿ ಧಾನ್ಯವನ್ನು ಕುಟ್ಟಿಸಬೇಕೆಂದು ಕೆಲವರ ಮತ. ಆತ್ರೇಯನು ಇದನ್ನು ಒಪ್ಪುವುದಿಲ್ಲ. ಗರ್ಭಿಣಿಗೆ ಯಾವಾಗಲೂ ಕಠಿನ ವ್ಯಾಯಾಮವು ನಿಷಿದ್ಧವೆಂದಮೇಲೆ, ದೇಹದ ಧಾತುಗಳೆಲ್ಲ ಕದಡಿರುವ ಆ ಹೊತ್ತಿನಲ್ಲಿ ಒನಕೆಯನ್ನೆತ್ತಿಸುವುದು ಪ್ರಾಣಕ್ಕೇ ಅಪಾಯವೆಂದು ಹೇಳಿ, ಆಕಳಿಸುವುದನ್ನೂ ಅತ್ತಿತ್ತ ನಡೆದಾಡುವುದನ್ನೂ ಮಾತ್ರ ಅನುಮೋದಿಸುತ್ತಾನೆ. ಮತ್ತೊಂದು ಎಚ್ಚರಿಕೆಯು ಇನ್ನೂ ಮುಖ್ಯವಾದುದು: ಬೇನೆಯಿಲ್ಲದಾಗ ಮುಕ್ಕಬಾರದು, ಹಾಗೆ ಮುಕ್ಕಿದವಳ ಶ್ರಮವು ವ್ಯರ್ಥ, ಶಿಶುವಿಗೂ ಹಾನಿ. ಇದನ್ನು ಗರ್ಭಿಣಿಗೆ ಹೇಳಬೇಕಾದವರು ಪಕ್ಕದಲ್ಲಿ ಕುಳಿತ ಆ ಹೆಂಗಸರೇ. ಒನಕೆಯ ವಾದವು ಪುರುಷಪಂಡಿತರ ಗೋಷ್ಠಿಯಲ್ಲಿ ಹುಟ್ಟಿದುದೆಂದು ತೋರುವುದಿಲ್ಲ. ಹೆರಿಗೆಯ ಮನೆಗಳಲ್ಲಿ ನಡೆಯುತ್ತಿದ್ದ ಎರಡು ಪದ್ಧತಿಗಳೇ ಶಾಸ್ತ್ರದೊಳಕ್ಕೆ ಬಂದು ಪೂರ್ವಪಕ್ಷ ಸಿದ್ಧಾಂತಗಳಾಗಿರುವಂತೆ ಕಾಣುತ್ತದೆ. ಒಂದು ಕಡೆ ಒನಕೆಯನ್ನು ಸಾಮಗ್ರಿಗಳಲ್ಲಿ ಸೇರಿಸಿ ಇನ್ನೊಂದು ಕಡೆ ಅದನ್ನು ಹಿಡಿಯಕೂಡದೆಂದಿರುವುದೂ ಈ ಊಹೆಗೆ ಪೋಷಕವಾಗಿದೆ.

ಸುಶ್ರುತನು ಇನ್ನೂ ಮಿತಭಾಷಿ. ವಯಸ್ಸಾದ, ಪ್ರಸವಕಾರ್ಯದಲ್ಲಿ ನಿಪುಣರಾದ, ಸಂಕೋಚಕ್ಕೆ ಎಡೆಗೊಡದ ನಾಲ್ವರು ಹೆಂಗಸರು ಉಪಚರಿಸಬೇಕೆಂದು ಹೇಳಿ, ಅವರು ಉಗುರು ಕತ್ತರಿಸಿಕೊಂಡಿರಬೇಕೆಂದು ಒಂದು ಮಾತನ್ನು ಸೇರಿಸುತ್ತಾನೆ. ಈ ಉಗುರಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಸ್ತಾಪವು ಬರುವುದು.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೈದ್ಯಕ್ಕೆ ಸ್ಥಾನವಿದೆ. ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಿಸಿದನು. ದೇವೇಂದ್ರಮುನಿಯು ಬಾಲಗ್ರಹಚಿಕಿತ್ಸೆಯನ್ನು ಬರೆದನು. ಮಂಗರಾಜನು ವಿಷವೈದ್ಯವನ್ನು ಕುರಿತು ಖಗೇಂದ್ರಮಣಿದರ್ಪಣವನ್ನು ರಚಿಸಿದನು. ಹುಟ್ಟಿದ ಮಗುವಿನ ಕಾಯಿಲೆಗಳನ್ನೂ ಹಾವಿನ ವಿಷವನ್ನೂ ಲಕ್ಷಣಬದ್ಧವಾಗಿ ಹೇಳಿದ ಈ ಪರಂಪರೆಯಲ್ಲಿ, ಮಗುವನ್ನು ಹುಟ್ಟಿಸುವ ಕೈಯ ವಿದ್ಯೆಯು ತನ್ನದೇ ಒಂದು ಶಾಸ್ತ್ರವಾಗಿ ಬೆಳೆಯಲಿಲ್ಲ. ಹೆರಿಗೆಯ ಬೇನೆಯು ಸಾಹಿತ್ಯಕ್ಕೆ ಅಪರಿಚಿತವೆಂದಲ್ಲ. ಬಂಜೆಯು ಬೇನೆಯನ್ನರಿಯಳೆಂಬ ಭಾವವನ್ನು ಅಕ್ಕಮಹಾದೇವಿಯು ತನ್ನ ಅನುಭಾವಕ್ಕೆ ದೃಷ್ಟಾಂತವಾಗಿ ಬಳಸಿರುವುದು ಪ್ರಸಿದ್ಧವಾಗಿಯೇ ಇದೆ. ಆದರೆ ಅಲ್ಲಿ ಬೇನೆಯು ದೃಷ್ಟಾಂತವೇ ಹೊರತು ವಿಷಯವಲ್ಲ. ಆ ದೃಷ್ಟಾಂತವು ಹೇಳುವ ಮಾತು ಮಾತ್ರ ಚರಕನ ಮೊದಲನೆಯ ಲಕ್ಷಣಕ್ಕೆ ಸರಿಹೊಂದುತ್ತದೆ: ಬೇನೆಯನ್ನು ತಿಂದವಳೇ ಬೇನೆಯನ್ನು ಬಲ್ಲಳು.

ಹೀಗಿರಲು, ಸೂಲಗಿತ್ತಿಯ ಕಾರ್ಯವೇನೆಂಬುದನ್ನು ತಿಳಿಯಲು ಊರೂರಿನ ರೂಢಿಯೇ ಆಧಾರ. ಬೇನೆಯ ಸುದ್ದಿ ಬಂದೊಡನೆ ಅವಳು ಹೊತ್ತನ್ನು ನೋಡದೆ ಹೊರಡಬೇಕು. ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ನಿಲುವನ್ನು ತಿಳಿಯುವುದು, ಹರಳೆಣ್ಣೆ ಹಚ್ಚುವುದು, ಬಿಸಿನೀರು ಹೊಯ್ಯಿಸುವುದು, ಸೊಂಟವನ್ನು ಒತ್ತುವುದು, ನಡೆದಾಡಿಸುವುದು, ಕಂಬವನ್ನೋ ತೊಲೆಗೆ ಕಟ್ಟಿದ ಹಗ್ಗವನ್ನೋ ಹಿಡಿದು ಕುಕ್ಕರಿಸಿ ಕೂರಲು ನೆರವಾಗುವುದು, ಯಾವಾಗ ಮುಕ್ಕಬೇಕು ಯಾವಾಗ ತಾಳಬೇಕು ಎಂದು ಹೇಳುವುದು, ಇವು ಮೊದಲ ಭಾಗ. ಮಗುವನ್ನು ಹಿಡಿದು ಹೊಕ್ಕುಳಬಳ್ಳಿಯನ್ನು ಕತ್ತರಿಸಿ ಮಾಸು ಬಿದ್ದ ಮೇಲೆ ಅದನ್ನು ಹೂಳಿಸುವುದು ಎರಡನೆಯದು. ಇಲ್ಲಿಗೂ ಅವಳ ಕೆಲಸ ಮುಗಿಯಲಿಲ್ಲ. ಪುರುಡು ಕಳೆಯುವವರೆಗೂ, ಎಷ್ಟೋ ಕಡೆ ಅನಂತರವೂ, ಕಾಲು ಚಾಚಿ ಕುಳಿತು ಮಗುವನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ನೀರೆರೆಯುವುದು, ಬಾಣಂತಿಗೆ ಎರೆದು ಸಾಂಬ್ರಾಣಿಯ ಹೊಗೆ ಹಾಕುವುದು, ಮೊಲೆಹಾಲು ಬಾರದಿದ್ದರೆ ಉಪಾಯ ಹೇಳುವುದು, ಎಲ್ಲವೂ ಅವಳದೇ. ಪ್ರತಿಫಲವು ಹೆಚ್ಚಾಗಿ ದವಸ, ಸೀರೆ ಕುಪ್ಪಸ, ಎಲೆ ಅಡಕೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವ ರೂಢಿಯಿದ್ದುದರಿಂದ, ತಾಯಿಗೆ ಹೆರಿಗೆ ಮಾಡಿಸಿದವಳೇ ಮಗಳಿಗೂ ಮಾಡಿಸುವುದು ಅಸಾಧಾರಣವಾಗಿರಲಿಲ್ಲ. ಗರ್ಭಿಣಿಗೆ ಅವಳು ಅಪರಿಚಿತಳಲ್ಲ. ಈ ಪರಿಚಯವೇ ಒಂದು ಚಿಕಿತ್ಸೆಯೆಂಬುದನ್ನು ಆ ಕಾಲದಲ್ಲಿ ಯಾರೂ ಬರೆದಿಡಬೇಕೆಂದು ಎಣಿಸಲಿಲ್ಲ.

ಇಷ್ಟು ಬೇಕಾದವಳಿಗೆ ಸಮಾಜವು ಕೊಟ್ಟ ಸ್ಥಾನವನ್ನೂ ಮರೆಮಾಡಕೂಡದು. ರಕ್ತವನ್ನೂ ಮಾಸನ್ನೂ ಮುಟ್ಟುವುದು ಮೈಲಿಗೆಯೆಂಬ ಭಾವನೆಯಿಂದ ಈ ಕಸುಬು ಅನೇಕ ಪ್ರಾಂತಗಳಲ್ಲಿ ಕೆಳಗಿನವೆಂದೆಣಿಸಿದ ಜಾತಿಗಳ ಹೆಂಗಸರ ಪಾಲಿಗೆ ಬಂದಿತು. ತಮಿಳುನಾಡಿನಲ್ಲಿ ಕ್ಷೌರಿಕ ಕುಲದ ಹೆಂಗಸರು ಇದನ್ನು ನಡೆಸುತ್ತಿದ್ದುದನ್ನು ಥರ್ಸ್ಟನ್ನನು 1909ರಲ್ಲಿ ಪ್ರಕಟವಾದ ತನ್ನ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ದಾಖಲಿಸಿದ್ದಾನೆ. ಉತ್ತರ ಹಿಂದೂಸ್ಥಾನದ ದಾಯಿಗಳಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿಕೊಂಡವರೇ. ಹಿಂದಿಯಲ್ಲಿ ದಾಯಿಯಿಂದ ಹೊಟ್ಟೆಯನ್ನು ಮುಚ್ಚಿಡುವುದೆಂಬ ನುಡಿಗಟ್ಟು, ಬಲ್ಲವರೆದುರು ಗುಟ್ಟನ್ನು ಮರೆಸುವ ವ್ಯರ್ಥಪ್ರಯತ್ನಕ್ಕೆ ಸಲ್ಲುತ್ತದೆ. ಅವಳ ಜ್ಞಾನವನ್ನು ನುಡಿಗಟ್ಟಿನಲ್ಲಿ ಒಪ್ಪಿಕೊಂಡ ಸಮಾಜವು ಅವಳ ಕೈಯನ್ನು ಮಾತ್ರ ಜಗಲಿಯ ಮೇಲೆ ಒಪ್ಪಿಕೊಳ್ಳಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಸೂಲಗಿತ್ತಿಯ ಮೇಲೆ ಮತ್ತೊಂದು ಬಗೆಯ ದೃಷ್ಟಿ ಬಿದ್ದಿತು. ಮದರಾಸಿನ ಎಗ್ಮೋರಿನಲ್ಲಿ ಪ್ರಸಿದ್ಧವಾದ ಹೆರಿಗೆಯ ಆಸ್ಪತ್ರೆಯು 1844ರಲ್ಲಿ ಆರಂಭವಾಯಿತು. ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳು ಆಗ ಮದರಾಸು ಅಧಿಪತ್ಯಕ್ಕೆ ಸೇರಿದ್ದುವು. 1885ರಲ್ಲಿ ಲೇಡಿ ಡಫರಿನ್ನರ ನಿಧಿಯು ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಸಹಾಯವನ್ನು ಒದಗಿಸಲು ಸ್ಥಾಪಿತವಾಯಿತು. 1903ರಲ್ಲಿ ಲೇಡಿ ಕರ್ಜನ್ನರ ಪ್ರಯತ್ನದಿಂದ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿಯು ಏರ್ಪಟ್ಟಿತು. ದಾಯಿಗಳನ್ನು ತೆಗೆದುಹಾಕದೆ ಅವರಿಗೇ ಶಿಕ್ಷಣ ಕೊಡಬೇಕೆಂಬುದು ಇದರ ಉದ್ದೇಶ. ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ವಾಣಿವಿಲಾಸ ಆಸ್ಪತ್ರೆಯು 1935ರಲ್ಲಿ ತೆರೆಯಿತು. ಈ ನಡುವೆ 1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ ಎಂಬಾಕೆಯು ಮದರ್ ಇಂಡಿಯಾ ಎಂಬ ಗ್ರಂಥದಲ್ಲಿ ದಾಯಿಯನ್ನು ಅಜ್ಞಾನದ ಮೂರ್ತಿಯಾಗಿ ಚಿತ್ರಿಸಿದಳು. ಆ ಗ್ರಂಥದ ದುರುದ್ದೇಶವನ್ನು ಭಾರತದ ಮುಖಂಡರು ಖಂಡಿಸಿದರು; ಅದು ನ್ಯಾಯವೇ. ಆದರೆ ಖಂಡನೆಯ ಭರದಲ್ಲಿ ದಾಯಿಯ ಪಕ್ಷದಿಂದ ಒಂದು ಮಾತನ್ನಾಡಿದವರು ವಿರಳ. ಅವಳು ಎರಡು ಕಡೆಯವರಿಗೂ ನಾಚಿಕೆಯ ವಸ್ತುವಾಗಿದ್ದಳು.

ಆರೋಪಗಳಲ್ಲಿ ಸತ್ಯವೂ ಇದ್ದಿತು. ತೊಳೆಯದ ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದು, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಮೆತ್ತುವುದರಿಂದ ಧನುರ್ವಾಯು ತಗಲಿ ಅಸಂಖ್ಯ ಶಿಶುಗಳು ಕೆಲವೇ ದಿನಗಳಲ್ಲಿ ಸತ್ತುವು. ಅಡ್ಡಬಿದ್ದ ಶಿಶುವಿನ ಮುಂದೆಯೂ ನಿಲ್ಲದ ರಕ್ತಸ್ರಾವದ ಮುಂದೆಯೂ ಸೂಲಗಿತ್ತಿಯ ಕೈ ಅಸಹಾಯವಾಗಿತ್ತು. ಅಂಥ ಸಂದರ್ಭದಲ್ಲಿ ಆಸ್ಪತ್ರೆಯಿದ್ದಿದ್ದರೆ ಬದುಕುತ್ತಿದ್ದ ತಾಯಂದಿರ ಸಂಖ್ಯೆಯನ್ನು ಲಘುವಾಗಿ ಕಾಣುವುದು ಪಾಪವೇ ಸರಿ. ಆದರೂ ಕೊಳೆಯು ಹಳ್ಳಿಯ ಸೊತ್ತಲ್ಲ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದುವು. ವೈದ್ಯರೂ ವೈದ್ಯವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ 1840ರ ದಶಕದಲ್ಲಿ ನೂರಕ್ಕೆ ಸುಮಾರು 10 ಮಂದಿ ಬಾಣಂತಿಯರು ಸಾಯುತ್ತಿದ್ದರೆ, ಸೂಲಗಿತ್ತಿಯರ ವಿಭಾಗದಲ್ಲಿ 4ಕ್ಕಿಂತ ಕಡಮೆ. ಹೆಣಗಳನ್ನು ಕೊಯ್ದ ಕೈಗಳಿಂದಲೇ ವೈದ್ಯರು ಹೆರಿಗೆಯ ಹೆಂಗಸರನ್ನು ಮುಟ್ಟುತ್ತಿದ್ದುದೇ ಇದಕ್ಕೆ ಕಾರಣವೆಂದು ಸೆಮ್ಮೆಲ್‌ವೈಸನು 1847ರಲ್ಲಿ ಕಂಡುಹಿಡಿದು, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈತೊಳೆಯುವಂತೆ ಕಟ್ಟುಮಾಡಿದನು, ಮರಣವು ಇಳಿಯಿತು, ಅವನ ಸಹೋದ್ಯೋಗಿಗಳು ಬಹುಕಾಲ ನಂಬಲಿಲ್ಲ. ಸುಶ್ರುತನ ಉಗುರಿನ ಮಾತು ಇಲ್ಲಿ ನೆನಪಿಗೆ ಬರಬೇಕು. ರೋಗಾಣುವಿನ ತತ್ತ್ವವನ್ನು ಅವನು ತಿಳಿದಿದ್ದನೆಂದು ಹೊಗಳುವುದು ಅತಿಶಯೋಕ್ತಿ; ಹೆರಿಗೆ ಮಾಡಿಸುವ ಕೈಯೇ ಅಪಾಯದ ದ್ವಾರವಾಗಬಹುದೆಂಬ ಅನುಭವವು ಅವನಿಗೆ, ಅಥವಾ ಅವನಿಗೆ ಹೇಳಿದ ಯಾವಳೋ ಮುದುಕಿಗೆ, ಇದ್ದಿತೆನ್ನುವುದು ಸಾಕು.

1946ರ ಭೋರ್ ಸಮಿತಿಯ ವರದಿಯ ಅಂದಾಜಿನಂತೆ ಆಗ ಇಂಡಿಯಾದಲ್ಲಿ 1,000 ಹೆರಿಗೆಗಳಿಗೆ ಸುಮಾರು 20 ಮಂದಿ ತಾಯಂದಿರು ಸಾಯುತ್ತಿದ್ದರು. ಸ್ವಾತಂತ್ರ್ಯಾನಂತರ ದಾಯಿಗಳಿಗೆ ಶಿಕ್ಷಣ ಕೊಡುವುದು, ಸಾಬೂನು ದಾರ ಬ್ಲೇಡುಗಳ ಪೆಟ್ಟಿಗೆಯನ್ನು ಒದಗಿಸುವುದು ಹಲವು ದಶಕಗಳ ಕಾಲ ಸರ್ಕಾರದ ನೀತಿಯಾಗಿದ್ದಿತು. ಶತಮಾನವು ಮುಗಿಯುವ ವೇಳೆಗೆ ಆ ನೀತಿಯು ಬದಲಾಯಿತು. ಶಿಕ್ಷಿತಳಾದ ದಾದಿಯಿಂದ, ಆಸ್ಪತ್ರೆಯಲ್ಲಿಯೇ ಹೆರಿಗೆಯಾಗಬೇಕೆಂಬುದು ಗುರಿಯಾಯಿತು. 2005ರಲ್ಲಿ ಜನನೀ ಸುರಕ್ಷಾ ಯೋಜನೆಯು ಜಾರಿಗೆ ಬಂದಿತು. ಅದರ ಪರಿಣಾಮವನ್ನು ಅಲ್ಲಗಳೆಯುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ಣಾಟಕದಲ್ಲಿ ಆಸ್ಪತ್ರೆಯ ಹೆರಿಗೆಗಳು 2005-06ರಲ್ಲಿ ನೂರಕ್ಕೆ ಸುಮಾರು 65 ಇದ್ದುವು. 2019-21ರಲ್ಲಿ 97 ಆದುವು. 1,00,000 ಜನನಗಳಿಗೆ ತಾಯಂದಿರ ಮರಣವು 2001-03ರಲ್ಲಿ 228 ಇದ್ದುದು 2018-20ರ ವೇಳೆಗೆ 69ಕ್ಕೆ ಇಳಿಯಿತು. ಶಿಶುಗಳ ಧನುರ್ವಾಯುವು ಇಂಡಿಯಾದಲ್ಲಿ ನಿರ್ಮೂಲವಾಯಿತೆಂದು 2015ರಲ್ಲಿ ದೃಢಪಟ್ಟಿತು. ಸೂಲಗಿತ್ತಿಯನ್ನು ಕುರಿತು ಯಾರು ಎಷ್ಟು ಮಮತೆಯಿಂದ ಬರೆದರೂ ಈ ಅಂಕಿಗಳ ಎದುರಿನಲ್ಲಿ ಬರೆಯಬೇಕು.

ಈ ಬದಲಾವಣೆಯ ಎರಡು ದಡಗಳನ್ನೂ ಕಂಡವಳು ಪಾವಗಡದ ಸೂಲಗಿತ್ತಿ ನರಸಮ್ಮ. ಕಸುಬೇ ಹೆಸರಿನ ಮೊದಲ ಪದವಾದುದು ಅವಳ ವಿಶೇಷ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಹುಟ್ಟಿದ ಈಕೆ ಅಕ್ಷರವನ್ನು ಕಲಿತವಳಲ್ಲ. ವಿದ್ಯೆಯನ್ನು ಅಜ್ಜಿಯಿಂದ ಪಡೆದಳು. ತಾನೂ 12 ಮಕ್ಕಳನ್ನು ಹೆತ್ತವಳು. ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಗರ್ಭಿಣಿಯರಿಗೆ ಕೊಡುವ ನಾರುಬೇರುಗಳ ಮದ್ದನ್ನು ಕಲಿತಳೆಂದು ಹೇಳುವರು. 1940ರಲ್ಲಿ ತನ್ನ ಬಂಧುವೊಬ್ಬಳ ಹೆರಿಗೆಗೆ ಕೈಹಚ್ಚಿದುದು ಮೊದಲು. ಅಲ್ಲಿಂದ ಮುಂದೆ ಸುಮಾರು 70 ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದಳೆಂಬುದು ಪ್ರಸಿದ್ಧವಾದ ಲೆಕ್ಕ. ಇದನ್ನು ವರ್ಷಗಳಿಗೆ ಹಂಚಿದರೆ ವಾರಕ್ಕೆ ನಾಲ್ಕರಂತೆ ಬೀಳುವುದು. ಒಂದು ಹಳ್ಳಿಯ ಸೂಲಗಿತ್ತಿಗೆ ಇದು ಸಾಧ್ಯವಲ್ಲ, ಒಂದು ಸೀಮೆಗೇ ಸೂಲಗಿತ್ತಿಯಾದವಳಿಗೆ ಮಾತ್ರ ಸಾಧ್ಯ. ದಾದಿಯೂ ದಾರಿಯೂ ಇಲ್ಲದ ಬರಗಾಲದ ನಾಡಿನಲ್ಲಿ ಅವಳು ಆಸ್ಪತ್ರೆಗೆ ಎದುರಾಳಿಯಾಗಿರಲಿಲ್ಲ; ಆಸ್ಪತ್ರೆಯಿಲ್ಲದ ಸ್ಥಳದಲ್ಲಿ ಇದ್ದಳು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನೂ, 2018ರಲ್ಲಿ ಭಾರತ ಸರ್ಕಾರವು ಪದ್ಮಶ್ರೀಯನ್ನೂ ಕೊಟ್ಟುವು. ಅದೇ ವರ್ಷದ ಡಿಸೆಂಬರ್ 25ರಂದು ಅವಳು ಬೆಂಗಳೂರಿನಲ್ಲಿ ತೀರಿಕೊಂಡಳು. ರಾಜ್ಯದ ಹೆರಿಗೆಗಳಲ್ಲಿ ಬಹುಪಾಲು ಆಸ್ಪತ್ರೆಗಳಿಗೆ ಸೇರಿಹೋದ ಮೇಲೆ ಸೂಲಗಿತ್ತಿಗೆ ರಾಷ್ಟ್ರದ ಮನ್ನಣೆ ದೊರೆಯಿತೆಂಬುದು ಕಾಕತಾಳೀಯವಲ್ಲ. ಕಸುಬು ನಡೆಯುತ್ತಿದ್ದಾಗ ಅದು ಯಾರಿಗೂ ಅಷ್ಟಾಗಿ ಕಾಣಿಸಲಿಲ್ಲ.

ಆಸ್ಪತ್ರೆಯು ಸೂಲಗಿತ್ತಿಯ ಕೈಗಿಂತ ಶುದ್ಧವಾದ ಕೈಯನ್ನು ಒದಗಿಸಿತು. ಆದರೆ ಅವಳ ಕಾರ್ಯದಲ್ಲಿ ಎರಡು ಅಂಗಗಳಿದ್ದುವು. ಒಂದು ಶಿಶುವನ್ನು ಹಿಡಿಯುವುದು, ಮತ್ತೊಂದು ತಾಯಿಯನ್ನು ಬಿಡದೆ ಇರುವುದು. ಮೊದಲನೆಯದನ್ನು ದಾದಿಯೂ ವೈದ್ಯೆಯೂ ವಹಿಸಿಕೊಂಡರು. ಎರಡನೆಯದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಸಾಲುಮಂಚಗಳ ಕೊಠಡಿಯಲ್ಲಿ ತಾಯಿ ಅಕ್ಕಂದಿರನ್ನು ಬಾಗಿಲಲ್ಲಿಯೇ ತಡೆದು, ಹೆರುವವಳನ್ನು ಒಬ್ಬಂಟಿಯಾಗಿ ಒಳಗೆ ಮಲಗಿಸುವುದು ಲೋಕದ ಅನೇಕ ದೇಶಗಳಲ್ಲಿ ಪದ್ಧತಿಯಾಯಿತು. ಈ ನಷ್ಟವನ್ನು ಮೊದಲು ಅಳೆದುನೋಡಿದವರು ವೈದ್ಯರೇ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಆಸ್ಪತ್ರೆಯೊಂದರಲ್ಲಿ ಕ್ಲೌಸ್, ಕೆನೆಲ್ ಮೊದಲಾದವರು ನಡೆಸಿ 1980ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪಕ್ಕದಲ್ಲಿ ಒಬ್ಬ ಸಾಮಾನ್ಯ ಹೆಂಗಸು ಕುಳಿತು ಬೆನ್ನು ಸವರಿ, ಕೈಹಿಡಿದು, ಮಾತನಾಡುತ್ತಿದ್ದ ಗರ್ಭಿಣಿಯರು ಸುಮಾರು 9 ಗಂಟೆಗಳಲ್ಲಿ ಹೆತ್ತರು. ಒಬ್ಬಂಟಿಯಾಗಿದ್ದವರಿಗೆ ಸುಮಾರು 19 ಗಂಟೆಗಳು ಬೇಕಾದುವು. ಅಮೆರಿಕದ ಹೂಸ್ಟನ್ ನಗರದಲ್ಲಿ ಇದೇ ತಂಡದವರು 412 ಮಂದಿಯ ಮೇಲೆ ನಡೆಸಿದ ಪರೀಕ್ಷೆಯು 1991ರಲ್ಲಿ ಹೊರಬಂದಿತು. ಜೊತೆಗಾತಿಯಿದ್ದವರಲ್ಲಿ ಶಸ್ತ್ರಕ್ರಿಯೆಯ ಹೆರಿಗೆ ನೂರಕ್ಕೆ 8, ಇಲ್ಲದವರಲ್ಲಿ 18. ಜೊತೆಗೆ ಒಂದು ಗುಂಪಿನಲ್ಲಿ ಹೆಂಗಸೊಬ್ಬಳು ಮಾತಿಲ್ಲದೆ ದೂರ ಕುಳಿತು ಸುಮ್ಮನೆ ನೋಡುತ್ತಿದ್ದಳು. ಅಷ್ಟರಿಂದಲೇ ಆ ಸಂಖ್ಯೆಯು 13ಕ್ಕೆ ಇಳಿಯಿತು. ವಿಷಾದವನ್ನು ಬಿಟ್ಟವಳೊಬ್ಬಳು ಹತ್ತಿರವಿದ್ದರೆ ಸಾಕೆಂಬ ಚರಕನ ನಂಬಿಕೆಗೆ ಇದಕ್ಕಿಂತ ವಿಚಿತ್ರವಾದ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. 2017ರ ಕಾಕ್ರೇನ್ ಸಮೀಕ್ಷೆಯು 17 ದೇಶಗಳ 26 ಪರೀಕ್ಷೆಗಳನ್ನು ಒಟ್ಟುಗೂಡಿಸಿ ಅದೇ ದಿಕ್ಕಿನ ನಿರ್ಣಯಕ್ಕೆ ಬಂದಿತು. ಅಲ್ಲಿ ಲೆಕ್ಕಕ್ಕೆ ಬಂದ ಹೆಂಗಸರು 15,000ಕ್ಕೂ ಹೆಚ್ಚು. ಪಾವಗಡದ ಒಬ್ಬಳೇ ಮುದುಕಿಯ ಲೆಕ್ಕವೂ ಅಷ್ಟೇ.

ಇಂಥ ಜೊತೆಗಾತಿಗೆ ಪಾಶ್ಚಾತ್ಯರಲ್ಲಿ ಡೌಲಾ ಎಂಬ ಹೆಸರು ನಿಂತಿತು. ಮಾನವಶಾಸ್ತ್ರಜ್ಞೆ ಡೇನಾ ರಾಫೆಲ್ 1973ರ ತನ್ನ ಗ್ರಂಥದಲ್ಲಿ ಗ್ರೀಕ್ ಭಾಷೆಯಿಂದ ಇದನ್ನು ತೆಗೆದುಕೊಂಡಳು. ಮೂಲದಲ್ಲಿ ಇದಕ್ಕೆ ದಾಸಿಯೆಂದರ್ಥ. ಕನ್ನಡದಲ್ಲಿ ದಾಸ್ಯವನ್ನು ಸೂಚಿಸದ ಪದವೊಂದು ಸಿದ್ಧವಾಗಿದ್ದರೂ ಬೆಂಗಳೂರಿನ ಹೊಸ ಹೆರಿಗೆಯ ಮನೆಗಳಲ್ಲಿ ಕೇಳುವುದು ಈ ಗ್ರೀಕ್ ಪದವೇ. ಡೌಲಾ ಶಿಶುವನ್ನು ಹಿಡಿಯುವುದಿಲ್ಲ, ಮದ್ದು ಕೊಡುವುದಿಲ್ಲ; ಸೂಲಗಿತ್ತಿಯ ಎರಡನೆಯ ಅಂಗವು ಮಾತ್ರ ಅವಳ ಪಾಲು. ಹಣವಿದ್ದವರಿಗೆ ಅದು ದೊರೆಯುವುದು. 2019-21ರ ಸಮೀಕ್ಷೆಯಲ್ಲಿ ಕರ್ಣಾಟಕದ ಹೆರಿಗೆಗಳಲ್ಲಿ ನೂರಕ್ಕೆ 31ಕ್ಕಿಂತ ಹೆಚ್ಚು ಶಸ್ತ್ರಕ್ರಿಯೆಯಿಂದಾದುವೆಂಬುದನ್ನು ನೋಡಿದರೆ, ಆ ಅಂಗದ ಅಭಾವವು ಬಡವರಿಗೆ ಮಾತ್ರ ಸಂಬಂಧಿಸಿದುದಲ್ಲವೆಂದು ತಿಳಿಯುವುದು. ಆದರೆ ಆ ಏರಿಕೆಗೆ ಬೇರೆ ಕಾರಣಗಳೂ ಉಂಟು.

ಭಾರತ ಸರ್ಕಾರದ ಆರೋಗ್ಯ ಮಂತ್ರಾಲಯವು 2016ರ ಫೆಬ್ರವರಿಯಲ್ಲಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆಯ ಕೊಠಡಿಯೊಳಕ್ಕೆ ಒಬ್ಬ ಜೊತೆಗಾತಿಯನ್ನು ಬಿಡಬಹುದೆಂದು ಒಪ್ಪಿತು. ಅವಳ ಲಕ್ಷಣಗಳನ್ನೂ ಗೊತ್ತುಮಾಡಿತು. ಅವಳು ಬಂಧುವಾದ ಹೆಂಗಸಾಗಿರಬೇಕು, ತಾನು ಹೆರಿಗೆಯನ್ನು ಅನುಭವಿಸಿದವಳಾದರೆ ಲೇಸು, ಸೋಂಕುರೋಗವಿರಕೂಡದು, ಬಟ್ಟೆ ಶುಚಿಯಾಗಿರಬೇಕು, ಬೇನೆಯ ಕಾಲವೆಲ್ಲ ಗರ್ಭಿಣಿಯ ಬಳಿಯಲ್ಲಿಯೇ ಇರಲು ಸಿದ್ಧಳಾಗಿರಬೇಕು, ವೈದ್ಯರ ಕೆಲಸದಲ್ಲಿ ಕೈಹಾಕಕೂಡದು. ಚರಕ ಸುಶ್ರುತರ ಪಟ್ಟಿಗಳನ್ನು ಓದಿದವರಿಗೆ ಇವುಗಳಲ್ಲಿ ಹೆಚ್ಚಿನವು ಹಳೆಯ ಪರಿಚಯದವೇ. ಕೊನೆಯಲ್ಲಿರುವ ನಿಯಮವೊಂದು ಮಾತ್ರ ಹೊಸದು: ಅವಳು ಆ ಕೊಠಡಿಯಲ್ಲಿರುವ ಬೇರೆ ಯಾವ ಹೆಂಗಸನ್ನೂ ಉಪಚರಿಸಕೂಡದು. ಈ ನಿಯಮವನ್ನು ಅಕ್ಷರಶಃ ನಡೆಸಿದರೆ ತಾಯಿ ಒಳಗೆ ಬರಬಹುದು, ಅಕ್ಕ ಬರಬಹುದು, ಅತ್ತೆ ಬರಬಹುದು. ಬಂಧುವಲ್ಲದ ಸೂಲಗಿತ್ತಿಯು ಬರುವಂತಿಲ್ಲ.